ಜಲನಗರದ ಡಬ್ಬಿ, ಬಬಲೇಶ್ವರದ ಒಡಪು

ದೂರದ ಊರಿನವರಿಗೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸುವುದೇನು ಮಹಾ ಕೆಲಸ ಎಂದು ನಾನೂ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಒಂದು ತೊಡಕು ಬಿಡಿಸುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ತಂಗಿಯ ಮದುವೆ ಮುಗಿದಿತ್ತು. ಫೋಟೋದವನು ರಾಶಿ ಫೋಟೋ ಕೊಟ್ಟಿದ್ದ. ಎಲ್ಲರೂ ಆಲ್ಬಮ್ ಮಾಡಿಸೋಣ ಎಂದರು. ನಾನು ಸೊಲ್ಲಾಪುರ ರಸ್ತೆಯಲ್ಲಿ ಪಂಪಿನ ಬಿಡಿಭಾಗ ಮಾರುವವನು. ಪಂಪು ಬಿಚ್ಚಿ ಜೋಡಿಸಲು ಬಂದರೆ ಲೋಕದಲ್ಲಿ ಎಲ್ಲವೂ ಬಂದ ಹಾಗೆ ಎಂಬ ಭ್ರಮೆ ನನಗೆ. ಒಂದು ಸಣ್ಣ ಸರ್ವರ್ ತಂದು ಜಲನಗರದ ಮನೆಯ ಶೋಕೇಸಿನಲ್ಲಿ ಕೂಡಿಸಿದೆ. ಊಟದ ಡಬ್ಬಿಯಷ್ಟಿರುವ ಕರಿ ಪೆಟ್ಟಿಗೆ. ಫೋಟೋ ಎಲ್ಲ ಅದರ ಹೊಟ್ಟೆಯೊಳಗೆ. ನೆಂಟರು ತಮ್ಮ ಊರಿನಲ್ಲೇ ಕುಳಿತು, ಮೊಬೈಲಿನಲ್ಲಿ ಹೆಸರು ಹಾಕಿ, ಒಳಗೆ ಹೋಗಿ ನೋಡಬಹುದು. ಮನೆಯವರು ಅದನ್ನು ‘ಡಬ್ಬಿ’ ಎಂದೇ ಕರೆದರು.

ಎಲ್ಲರಿಗಿಂತ ಮೊದಲು ಆ ಫೋಟೋ ನೋಡಬೇಕಾದವಳು ಬಬಲೇಶ್ವರದ ನಮ್ಮ ಚಿಗವ್ವ, ಕಾಕಾನ ಹೆಂಡತಿ. ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು. ಮದುವೆಯ ಹೊತ್ತಿಗೆ ಸರಿಯಾಗಿ ಕಾಲು ಮುರಿದುಕೊಂಡಳು, ಅಕ್ಷತೆ ಹಾಕಲು ಬರಲಾಗಲಿಲ್ಲ. ಈಗ ಎಷ್ಟು ಒದ್ದಾಡಿದರೂ ಅವಳಿಗೇ ಡಬ್ಬಿ ತೆರೆಯುತ್ತಿರಲಿಲ್ಲ. ನನ್ನ ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು:

“ಶಿವರಾತ್ರಿ ತನಕ ನೋಡ್ತೇನಿ. ಅಷ್ಟ್ರಾಗ ಬಬಲೇಶ್ವರದ ಅತ್ತೆವ್ರು ಫೋಟೋ ನೋಡಿದ್ರ ಸರಿ. ಇಲ್ಲಂದ್ರ ನಿಮ್ಮ ಡಬ್ಬಿ ಗುಜರಿಯವಗ.”

ಮೊಸರು

ದಿನಾ ಬೆಳಿಗ್ಗೆ ನೆಂಟರ ಫೋನು: “ಡಬ್ಬಿ ಬಂದ್ ಐತೆಲ್ಲೋ!” ನಾನು ವೈರು ಬದಲಿಸಿದೆ, ಸ್ವಿಚ್ಚು ಬದಲಿಸಿದೆ, ಇಂಟರ್ನೆಟ್ ಕೊಟ್ಟವರೊಂದಿಗೆ ಜಗಳವಾಡಿದೆ. ಮಧ್ಯಾಹ್ನ ನೋಡಿದರೆ ಡಬ್ಬಿ ಏನೂ ಅರಿಯದ ಮಗುವಿನಂತೆ ದೀಪ ಮಿಣುಕಿಸುತ್ತ ಕುಳಿತಿರುತ್ತಿತ್ತು.

ಒಂದು ಬೆಳಿಗ್ಗೆ ಬೇಗ ಎದ್ದು ನೋಡಿದೆ. ಡಬ್ಬಿಯ ಮೇಲೆ ದಪ್ಪ ಟವೆಲ್. ಟವೆಲಿನೊಳಗೆ ಸ್ಟೀಲಿನ ಪಾತ್ರೆ. ಪಾತ್ರೆಯೊಳಗೆ ಮೊಸರು.

“ಯವ್ವಾ, ಇದೇನ ಬೇ?”

“ಚಳ್ಯಾಗ ಮೊಸರು ಹೆಪ್ಪ ಆಗವಲ್ದಾಗಿತ್ತು. ನಿನ್ನ ಡಬ್ಬಿ ಬೆಚ್ಚಗ ಇರ್ತೈತಿ” ಎಂದಳು ಅವ್ವ. “ಯಾಕ, ಅದಕ್ಕೇನ ಭಾರ ಆಗ್ತೈತೇನ?”

ಟವೆಲ್ ಹೊದ್ದ ಡಬ್ಬಿ ಸೆಕೆ ತಾಳಲಾರದೆ ತಾನೇ ಆರಿಹೋಗುತ್ತಿತ್ತು. ಅವ್ವ ಪಾತ್ರೆ ಇಳಿಸಿದ ಮೇಲೆ, ಗಾಳಿಯಾಡಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ನಾನು ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಎಲ್ಲರೂ ಮೊಸರು ತಿನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ಅಷ್ಟು ಗಟ್ಟಿ ಮೊಸರು ನಮ್ಮ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಹೆಂಡತಿ ಇನ್ನೊಂದು ಸೌಟು ಹಾಕಿಕೊಂಡು, “ಶಿವರಾತ್ರಿ ತನಕ ಅಂದಿದ್ದು ಚಲೋ ಆತು ನೋಡ್ರಿ. ಚಳಿನೂ ಅಲ್ಲೀತನಕಾನ ಇರ್ತೈತಿ” ಎಂದಳು.

ತಿಕೋಟಾದ ಬೀಗರು

ತಂಗಿಯ ಮಾವನವರು ತಿಕೋಟಾದವರು. ದ್ರಾಕ್ಷಿ ಬೆಳೆಯುವ, ಯಾವುದನ್ನೂ ಕಣ್ಣಾರೆ ನೋಡದೆ ನಂಬದ ಮನುಷ್ಯ. ತಿಕೋಟಾದಲ್ಲಿ ಫೋಟೋ ಕಾಣುತ್ತಿಲ್ಲ ಎಂದು ಹೇಳಲು ಖುದ್ದು ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಬಂದವರ ಫೋನಿಗೆ ನಮ್ಮ ವೈಫೈ ಹಾಕಿಕೊಟ್ಟೆ. ಫೋಟೋ ಸರಸರ ಬಂದವು. ಬೀಗರು ಖುಷಿಯಿಂದ ಊಟ ಮಾಡಿ ಹೋದರು. ತಿಕೋಟಾ ಮುಟ್ಟಿದ ಕೂಡಲೇ ಫೋನು: “ಮತ್ತ ಕಾಣವಲ್ದು!”

ಆಮೇಲೆ ಅವರಿಗೆ ಫೋಟೋ ನೋಡಬೇಕು ಎನಿಸಿದಾಗಲೆಲ್ಲ ಜಲನಗರಕ್ಕೇ ಬರತೊಡಗಿದರು. ಬೀಗರೆಂದ ಮೇಲೆ ಬರಿಗೈಲಿ ಕಳಿಸಲಾಗುತ್ತದೆಯೇ? ಹೆಂಡತಿ ಪ್ರತಿ ಸಲವೂ ಹೋಳಿಗೆ ತಟ್ಟುತ್ತಿದ್ದಳು, ಪ್ರತಿ ಹೋಳಿಗೆಗೂ ನನ್ನನ್ನು ಒಮ್ಮೆ ದುರುಗುಟ್ಟಿ ನೋಡುತ್ತಿದ್ದಳು.

ನಮ್ಮ ವೈಫೈ ಹಿಡಿದು ನೋಡಿದರೆ ಪರೀಕ್ಷೆ ಆದಂತಲ್ಲ, ಅವರ ಫೋನಿನ ಸ್ವಂತ ನೆಟ್‌ನಲ್ಲಿ ನೋಡಬೇಕು ಎಂದು ಹೊಳೆದು, “ಬೀಗರ, ಒಮ್ಮೆ ವೈಫೈ ಬಂದ್ ಮಾಡಿ ನೋಡ್ರಿ” ಎಂದೆ.

ಬೀಗರು ಎದ್ದರು. ಗಂಭೀರವಾಗಿ ನಡೆದು ಹೋಗಿ, ಗೋಡೆಯ ಮೇಲಿನ ಬಟನ್ ಪಟ್ ಎಂದು ಆರಿಸಿದರು. ವೈಫೈ ಹೋಯಿತು, ಡಬ್ಬಿಯೂ ಹೋಯಿತು, ಅದೇ ಬಟನ್‌ನಲ್ಲಿದ್ದ ಟಿವಿಯೂ ಹೋಯಿತು. ಒಳಗಿನಿಂದ ಅವ್ವ ಧಾರಾವಾಹಿಗಾಗಿ ಕೂಗಿದಳು. ಬೀಗರು ಫೋನು ಒತ್ತಿ ನೋಡಿ, ಮುಖ ಅರಳಿಸಿ ಹೇಳಿದರು: “ಹಾಂ! ಈಗ ಥೇಟ್ ನಮ್ಮ ತಿಕೋಟಾದಾಗ ಆದಂಗ ಆತು ನೋಡ್ರಿ!”

ಬಬಲೇಶ್ವರದ ಕಳ್ಳ

ನಮ್ಮ ಮನೆಯ ಇಂಟರ್ನೆಟ್ ವಿಳಾಸ ತನಗೆ ತಾನೇ ಬದಲಾಗುತ್ತಿತ್ತೆಂದು, ನೆಂಟರ ಫೋನು ಹಳೆಯ ವಿಳಾಸದಲ್ಲೇ ಹುಡುಕುತ್ತಿತ್ತೆಂದು ಕೊನೆಗೆ ತಿಳಿಯಿತು. ಅದನ್ನು ಸರಿ ಮಾಡಿದ ಮೇಲೆ ತಿಕೋಟಾದಲ್ಲಿ ಫೋಟೋ ಕಂಡವು. ಬಬಲೇಶ್ವರದಲ್ಲಿ ಮಾತ್ರ ಇನ್ನೂ ಇಲ್ಲ. ಶಿವರಾತ್ರಿ ನಾಳೆಯೇ.

ಅಂಗಡಿಯಲ್ಲಿ ಕುಳಿತು, ಡಬ್ಬಿಯ ಬಾಗಿಲು ಯಾರ್ಯಾರು ಬಡಿದಿದ್ದಾರೆಂದು ಮೊಬೈಲಿನಲ್ಲಿ ನೋಡಿದೆ. ಯಾರೋ ಬೇರೆ ಬೇರೆ ಹೆಸರಿನಲ್ಲಿ ಒಳನುಗ್ಗಲು ನೋಡಿದ್ದರು. ಒಮ್ಮೆ ‘ಇವರು’. ಒಮ್ಮೆ ‘ನಮ್ಮ ಮನಿಯವರು’. ಮತ್ತೊಮ್ಮೆ ‘ಈಗ ಹೊಲಕ್ಕ ಹೋಗ್ಯಾರ’. ಇಂಥ ಕಳ್ಳನ ಸುದ್ದಿ ನಾನು ಕೇಳಿರಲಿಲ್ಲ. ತಲೆಯಲ್ಲಿ ಬೆಳಕಾಗುತ್ತಲೇ, ಕಾಕಾನ ಬಟನ್ನಿನ ಸಣ್ಣ ಫೋನಿಗೆ ಫೋನು ಹಚ್ಚಿದೆ. ಚಿಗವ್ವ ಎತ್ತಿದಳು.

“ಚಿಗವ್ವಾ, ಹೆಸರಿನ ಜಾಗಾದಾಗ ಏನ ಹಾಕಾಕತ್ತೀ ಬೇ?”

“ನೀ ನಿಮ್ಮ ಕಾಕಾನ ಹೆಸರ ಹಾಕು ಅಂದಿ. ನನಗ ಒತ್ತಾಕ ಬರೂದಿಲ್ಲ, ಮೈಕಿನ ಚಿತ್ರ ಒತ್ತಿ ಬಾಯಿಲೆ ಹೇಳ್ತೇನಿ. ಗಂಡನ ಹೆಸರ ಬಾಯಾಗ ಹೆಂಗ ತಗೊಳ್ಳಿ ಯಪ್ಪಾ?”

ಮನೆಮನೆಗೂ ಗಂಡಸರ ಹೆಸರನ್ನೇ ಇಟ್ಟ ಜಾಣ ನಾನೇ. “ಕಾಕಾನ ಕೈಯಾಗ ಕೊಡು, ಅವನ ಹೇಳ್ಲಿ” ಎಂದೆ.

ಹಿಂದಿನಿಂದ ಕಾಕಾನ ದನಿ ಕೇಳಿತು: “ನಾ ಯಾಕ ಹೇಳ್ಲಿ? ಮದಿವ್ಯಾಗ ಒಮ್ಮೆ ಹೇಳ್ಯಾಳ. ಆಮ್ಯಾಲೆಲ್ಲ ಬರೇ ‘ಕೇಳಿದ್ರೇನು’, ‘ಇಲ್ಲಿ ನೋಡ್ರಿ’. ಇವತ್ತ ಆಕೀನ ಹೇಳ್ಲಿ!”

“ಹಂಗಾರ ಒಡಪು ಹಾಕಿ ಹೇಳ್ತೇನಿ” ಎಂದಳು ಚಿಗವ್ವ. ಮದುವೆ, ಸೀಮಂತದ ಕುಬಸಗಳಲ್ಲಿ ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಹೇಳುವುದೇ ಒಡಪು. ಗಂಟಲು ಸರಿಮಾಡಿಕೊಂಡು, ದೊಡ್ಡ ಫೋನಿನ ಮೈಕು ಒತ್ತಿ ಶುರು ಮಾಡಿದಳು:

“ಬಿಸಿ ರೊಟ್ಟಿ, ಬೆಣ್ಣಿ ಮುದ್ದಿ, ಮ್ಯಾಲ ಶೇಂಗಾದ ಹಿಂಡಿ,
ಮಲ್ಲಪ್ಪನವರ ಹೆಸರ ಹೇಳೇನಿ, ತಗಿಯಪ್ಪಾ ಡಬ್ಬಿಯ ಕೊಂಡಿ!”

“ವ್ಹಾ ವ್ಹಾ!” ಎಂದು ಕಾಕಾ ಕೂಗಿದ.

ಡಬ್ಬಿ ತೆರೆಯಲಿಲ್ಲ. ನೋಡಿದರೆ ಆ ಫೋನು ಹೆಸರಿನ ಜಾಗದಲ್ಲಿ ರೊಟ್ಟಿಯಿಂದ ಕೊಂಡಿಯವರೆಗೆ ಅಷ್ಟನ್ನೂ ಬರೆದು, ಕೊನೆಗೆ ಕಾಕಾನ ‘ವ್ಹಾ ವ್ಹಾ’ವನ್ನೂ ಸೇರಿಸಿತ್ತು.

“ಇರ್ಲಿ ಬೇ, ‘ಚಿಗವ್ವ’ ಅಂತ ಹೆಸರ ಬದಲಿ ಮಾಡ್ತೇನಿ” ಎಂದೆ. ಕಾಕಾ ಫೋನು ಕಸಿದುಕೊಂಡ. “ಲೇ, ಅದನ್ನ ಮಾಡಬ್ಯಾಡ! ಆ ಒಡಪನ್ನ ಹೆಸರ ಮಾಡು!”

ಮಾಡಿದೆ. ಅವಸರದಲ್ಲಿ ‘ವ್ಹಾ ವ್ಹಾ’ ತೆಗೆಯುವುದು ಮರೆತೆ. ಚಿಗವ್ವ ಮತ್ತೆ ಒಡಪು ಹೇಳಿದಳು, ಕಾಕಾ ಮತ್ತೆ ವ್ಹಾ ವ್ಹಾ ಎಂದ, ಡಬ್ಬಿ ತೆರೆಯಿತು. ಅಕ್ಷತೆಯಲ್ಲಿ ನೆನೆದು ನಿಂತ ತಂಗಿಯನ್ನು ನೋಡಿ, “ನನ್ನ ಕೂಸು ಎಷ್ಟ ದೊಡ್ಡದಾತೋ” ಎಂದು ಚಿಗವ್ವ ಅತ್ತಳು. ನನಗೂ ತಡೆಯಲಾಗಲಿಲ್ಲ. ವಾಲ್ವ್ ಕೊಳ್ಳಲು ಬಂದಿದ್ದ ಗಿರಾಕಿ ಟೊಪ್ಪಿಗೆ ತೆಗೆದು, “ಯಾರರ ಹೋದ್ರೇನ್ರಿ?” ಎಂದು ಮೆಲ್ಲಗೆ ಕೇಳಿದ.

ಡಬ್ಬಿ ಗುಜರಿಗೆ ಹೋಗಲಿಲ್ಲ. ಚಿಗವ್ವ ಒಬ್ಬಳೇ ಇದ್ದರೆ ಅದು ತೆರೆಯುವುದಿಲ್ಲ, ವ್ಹಾ ವ್ಹಾ ಎನ್ನಲು ಕಾಕಾ ಪಕ್ಕದಲ್ಲಿ ಇರಲೇಬೇಕು. ಕಾಕಾ ಈಗ ಹೊಲದಿಂದ ಬೇಗ ಬರುತ್ತಾನಂತೆ. ‘ಈ ಹೆಸರು ನೆನಪಿಡಲೇ?’ ಎಂದು ಫೋನು ಕೇಳಿದಾಗಲೆಲ್ಲ ತಾನೇ ಬೆರಳು ಚಾಚಿ ‘ಬೇಡ’ ಎಂದು ಒತ್ತುತ್ತಾನಂತೆ.

ಮೊನ್ನೆ ಜಲನಗರದಲ್ಲಿ ಕರೆಂಟು ಹೋಯಿತು, ಡಬ್ಬಿ ಆರಿತು. ಮಧ್ಯಾಹ್ನವಾಗುವಷ್ಟರಲ್ಲಿ ಕಾಕಾನ ಫೋನು ಬಂತು. ದನಿ ತೀರ ಸೊರಗಿತ್ತು.

“ಯಪ್ಪಾ, ಡಬ್ಬಿ ಲಗೂನ ಚಾಲೂ ಮಾಡೋ. ಮುಂಜಾನಿಂದ ಯಾರೂ ನನ್ನ ಹೆಸರ ತಗೊಂಡಿಲ್ಲ.”