ಕೆನ್ನೆಗೆ ಕೂತ ಕೋವಿ

ಎಲ್ಲಾ ಶುರುವಾದದ್ದು ಒಂದು ಹಲ್ಲಿನಿಂದ. ಬಾಯಿಯ ಬಲಗಡೆ, ತೀರಾ ಕೊನೆಯಲ್ಲಿ, ಯಾರ ಕಣ್ಣಿಗೂ ಬೀಳದೆ ತನ್ನ ಪಾಡಿಗೆ ಕೂತಿದ್ದ ದವಡೆ ಹಲ್ಲು ಅದು. ಅಷ್ಟು ವರ್ಷ ಸುಮ್ಮನಿದ್ದ ಆ ಹಲ್ಲಿಗೆ ಸಿಟ್ಟು ನೆತ್ತಿಗೇರಲು ಬೇರೆ ದಿನವೇ ಸಿಗಲಿಲ್ಲ.

ನೀರು ಸರಬರಾಜು ಕಚೇರಿಯ ಗುಮಾಸ್ತ ಬೆಳಿಗ್ಗೆ ಎದ್ದು ಕನ್ನಡಿ ನೋಡಿದ. ಎಡಗಡೆ ಅವನದೇ ಮುಖ, ಗುಳಿಬಿದ್ದ ಕೆನ್ನೆ. ಬಲಗಡೆ ಮಾತ್ರ ಯಾರೋ ದೊಡ್ಡ ಮನುಷ್ಯರದು. ಉಬ್ಬಿ, ನುಣುಪಾಗಿ, ಆಗತಾನೇ ಒಲೆಯಿಂದ ತೆಗೆದ ಬನ್ನಿನಂತಿತ್ತು.

“ಏನ್ರೀ ಇದು!” ಹೆಂಡತಿ ಹೌಹಾರಿದಳು. “ಮೊನ್ನೆಯಿಂದ ಬಡ್ಕೊಂಡೆ, ಪಕ್ಕದ ಮನೇಲೇ ಹಲ್ಲಿನ ಡಾಕ್ಟ್ರು ಇದಾರೆ, ತೋರಿಸ್ಕೊಳ್ಳಿ ಅಂತ. ಇಕ್ಕಳ ಕಂಡ್ರೆ ಹೆದರ್ತೀರಿ, ಕೋವಿ ಹಿಡಿಯೋಕೆ ಮಾತ್ರ ಧೈರ್ಯ!”

ಗುಮಾಸ್ತನಿಗೆ ಉತ್ತರ ಕೊಡಲು ಬಾಯಿ ತೆರೆಯಲಾಗಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತು. ನೋವಿಗಲ್ಲ, ಆ ದಿನ ಅವನ ಸರದಿಯಾಗಿತ್ತು.

ಕೋವಿ ಹಿಡಿದು ಗುರಿ ಹೊಡೆಯುವವರ ಊರಿನ ಕ್ಲಬ್ಬಿನಲ್ಲಿ ಸರದಿ ಎಂದರೆ ಒಂದೇ. ಊರಿನ ಕೋವಿ ಮೇಸ್ತ್ರಿಗಳು ವರ್ಷಕ್ಕೊಂದೇ ಕೋವಿ ಮಾಡುತ್ತಿದ್ದರು, ಸಾಲಿನಲ್ಲಿ ಮುಂದಿದ್ದವರ ಮೈಯಳತೆಗೆ. ಹಳೇ ಕಾಲದ ಒಂಟಿ ಗುಂಡಿನ ಕೋವಿ. ಒಂದು ಗುಂಡು ಹಾಕಬೇಕು, ಹೊಡೆಯಬೇಕು, ಮತ್ತೆ ತೆರೆದು ಇನ್ನೊಂದು ಹಾಕಬೇಕು. ಅದನ್ನು ಹಿಡಿದು ಗುರಿ ತಪ್ಪಿದವರನ್ನು ಕ್ಲಬ್ಬಿನಲ್ಲಿ ಯಾರೂ ಕಂಡಿರಲಿಲ್ಲ. ಬಾಡಿಗೆ ಕೋವಿ ಹಿಡಿದು ಪ್ರತಿ ಪಂದ್ಯದಲ್ಲೂ ಕೊನೆಯವನಾಗುತ್ತಿದ್ದ ಗುಮಾಸ್ತ, ಮದುವೆಗೆ ಮುಂಚೆಯೇ ಸರದಿ ಸಾಲಿಗೆ ಸೇರಿದ್ದ. ಹೆಂಡತಿ ಬಂದಳು, ಮಕ್ಕಳು ಬಂದವು, ತಲೆಗೂದಲು ಹೋಯಿತು, ಸರದಿ ಈಗ ಬಂದಿತ್ತು. ಆ ದಿನ ತಪ್ಪಿದರೆ, ಅಥವಾ ಮೈ ಸರಿಯಿಲ್ಲ ಎಂದರೆ, ಸರದಿ ಮುಂದಿನವರಿಗೆ ಹೋಗುತ್ತದೆ. ಕಳೆದುಕೊಂಡವನು ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು.

ಮುಂದಿನವರು ಯಾರು? ಅವನದೇ ಕಚೇರಿಯ ಮ್ಯಾನೇಜರು.

ಮ್ಯಾನೇಜರಿಗೂ ಗುಮಾಸ್ತನಿಗೂ ಎತ್ತರ, ಭುಜ, ತೋಳು ಎಲ್ಲಾ ಒಂದೇ ಅಳತೆ. ಗೂಟದಲ್ಲಿ ನೇತುಹಾಕಿದ ಕೋಟುಗಳು ಅದಲುಬದಲಾದರೆ ಜೇಬಿಗೆ ಕೈ ಹಾಕುವವರೆಗೂ ಇಬ್ಬರಿಗೂ ತಿಳಿಯುತ್ತಿರಲಿಲ್ಲ. ವ್ಯತ್ಯಾಸವಿದ್ದದ್ದು ಮುಖದಲ್ಲಿ. ಮ್ಯಾನೇಜರ ಕೆನ್ನೆಗಳು ದೇವರು ಧಾರಾಳವಾಗಿ ತುಂಬಿ ಕಳಿಸಿದ ಕೆನ್ನೆಗಳು.

ಗುಮಾಸ್ತ ಮಫ್ಲರ್ ಸುತ್ತಿಕೊಂಡು ಬೀದಿಗಿಳಿದ. ಪಕ್ಕದ ಮನೆಯ ಹಲ್ಲಿನ ಡಾಕ್ಟರೂ ಕ್ಲಬ್ಬಿನವರೇ. ಕೋವಿ ಆರಿಸಲು ಸಲಹೆ ಕೊಡಲೆಂದು ಬಾಗಿಲಲ್ಲೇ ಕಾದಿದ್ದರು. ಬೀದಿಯ ತುದಿಯಲ್ಲಿ ಮ್ಯಾನೇಜರು ನಿಂತಿದ್ದರು. ಅವರು ಮಫ್ಲರನ್ನು ನೋಡಿದರು, ಮೆಲ್ಲಗೆ ಸರಿಸಿ ಒಳಗಿದ್ದದ್ದನ್ನೂ ನೋಡಿದರು. ಗುಮಾಸ್ತ ಮಫ್ಲರನ್ನು ಮತ್ತೆ ಕೆನ್ನೆಯ ಮೇಲೆ ಎಳೆದುಕೊಂಡ.

“ಹೆದರಬೇಡಿ ಕಣ್ರೀ,” ಎಂದರು ಮ್ಯಾನೇಜರು. “ನಾನು ಮೇಸ್ತ್ರಿಗಳ ಹತ್ರ ಬಾಯಿಬಿಡಲ್ಲ. ನಾವು ನಾವು ಒಂದೇ ಆಫೀಸಿನವರು. ಮೊದ್ಲು ಈ ಮಫ್ಲರ್ ತೆಗೀರಿ, ಅನುಮಾನ ಬರುತ್ತೆ.”

ಇಂಥ ಮನುಷ್ಯನನ್ನೇ ಇಷ್ಟು ದಿನ ಬೆನ್ನ ಹಿಂದೆ ಬೈಯುತ್ತಿದ್ದೆನಲ್ಲ ಎಂದು ಗುಮಾಸ್ತನಿಗೆ ನಾಚಿಕೆಯಾಯಿತು.

ಮೇಸ್ತ್ರಿಗಳ ಕಾರ್ಖಾನೆಯ ಹೊಸ್ತಿಲು ದಾಟಿದ್ದೇ ತಡ, ಮೂವರೂ ಹೆಜ್ಜೆಯ ಸದ್ದು ತಗ್ಗಿಸಿದರು. ಯಾರೂ ಹಾಗೆ ಹೇಳಿರಲಿಲ್ಲ; ಆ ಜಾಗವೇ ಹಾಗಿತ್ತು. ಮಾಡಿನ ಗಾಜಿನಿಂದ ಇಳಿದ ಬೆಳಕು ಮೇಜಿನ ಮೇಲೆ ಬಿದ್ದಿತ್ತು. ಗೋಡೆಯಲ್ಲಿ ಅರಗಳು ಗಾತ್ರದ ಪ್ರಕಾರ ತೂಗುತ್ತಿದ್ದವು. ಅಗಸೆ ಎಣ್ಣೆಯ ಕಮಟು, ಮರದ ಹೊಟ್ಟಿನ ಸಿಹಿ ವಾಸನೆ, ಮೂಲೆಯಲ್ಲಿ ಸಾಲಾಗಿ ನಿಂತ ಉಕ್ಕಿನ ನಳಿಗೆಗಳ ತಣ್ಣನೆಯ ಹೊಳಪು. ಗುಮಾಸ್ತ ಒಂದು ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದ. ಸುರುಳಿ ಸುರುಳಿಯಾಗಿ ಕೊರೆದ ಗೀರುಗಳು ಆಚೆ ತುದಿಯ ಬೆಳಕಿನ ಚುಕ್ಕೆಯವರೆಗೆ ತಿರುಗುತ್ತಾ ಹೋಗಿದ್ದವು. ಮನುಷ್ಯನ ಕೈ ಇದನ್ನು ಮಾಡಿತೇ ಎಂದು ಅವನು ಹಲ್ಲುನೋವನ್ನೇ ಮರೆತು ನಿಂತುಬಿಟ್ಟ.

ವಯಸ್ಸಾದ ಮೇಸ್ತ್ರಿಗಳು ಮುಖ ನೋಡಿ ಮಾತಾಡಿಸುವವರಲ್ಲ. ದಪ್ಪ ಕನ್ನಡಕ ಕೆಲಸಕ್ಕೆ ಮಾತ್ರ. ಗಿರಾಕಿಗಳನ್ನು ಅವರು ನೋಡುತ್ತಿದ್ದದ್ದು ಅಂಗೈಯಿಂದ.

“ಮೊದ್ಲು ಏನೇನು ಬೇಕು ಹೇಳಿ,” ಎಂದರು. “ಒಂದು ಸಲ ತಲೆ ಆಡಿಸಿದ್ರೆ ಮುಗೀತು. ಆಮೇಲೆ ಬದಲಾಯ್ಸಲ್ಲ. ನಳಿಗೆ?”

ಗುಮಾಸ್ತನ ಮನಸ್ಸಿನಲ್ಲಿ ಆ ಕೋವಿ ಎಂದೋ ತಯಾರಾಗಿತ್ತು. ಗುಂಡಗಿನ ನಳಿಗೆ, ಗೆರೆಯಿಲ್ಲದ ಕಪ್ಪು ಮರ, ಒಂದೇ ಟ್ರಿಗರು. ಸರಳ. ರಾತ್ರಿ ನಿದ್ದೆ ಬಾರದಾಗ ಅದನ್ನೇ ನೆನೆಯುತ್ತಾ ಮಲಗುತ್ತಿದ್ದ. ಈಗ ಬಾಯಿ ತೆರೆದ. “ಊಂ” ಎಂಬ ಒಂದು ಶಬ್ದ ಹೊರಟಿತು.

“ಎಂಟು ಮೂಲೇದು ಹಾಕ್ಸಿ,” ಎಂದು ಕಿವಿಯಲ್ಲಿ, ಮೇಸ್ತ್ರಿಗಳಿಗೂ ಕೇಳುವ ಹಾಗೆ, ಪಿಸುಗುಟ್ಟಿದರು ಮ್ಯಾನೇಜರು. “ಗಾಳಿಗೆ ಅಲ್ಲಾಡಲ್ಲ.”

“ಬೇಡ್ವೇ ಬೇಡ,” ಇನ್ನೊಂದು ಕಿವಿಯಲ್ಲಿ ಡಾಕ್ಟರು. “ಭಾರ ಆಗುತ್ತೆ. ಗುಂಡಗಿರೋದೇ ಸರಿ.”

ಗುಮಾಸ್ತ ಡಾಕ್ಟರ ಕಡೆ ತಿರುಗಿ ಹೌದೆನ್ನಬೇಕು, ಅಷ್ಟರಲ್ಲಿ ಹಲ್ಲು ಒಮ್ಮೆ ಛಳ್ಳೆಂದಿತು. ನೋವಿಗೆ ಅವನ ತಲೆ ತಾನಾಗಿಯೇ ಮ್ಯಾನೇಜರ ಕಡೆ ಕುಸಿದು ಮೇಲೆದ್ದಿತು.

“ಎಂಟು ಮೂಲೆ,” ಎಂದರು ಮೇಸ್ತ್ರಿಗಳು. “ಮರ?”

ಅಕ್ರೋಟು ಮರದ ಹಲಗೆಗಳು ಮೇಜಿನ ಮೇಲೆ ಬಂದವು. ಮೇಸ್ತ್ರಿಗಳು ಒಂದೊಂದಕ್ಕೂ ಒದ್ದೆ ಬಟ್ಟೆ ಸವರಿದರು. ಮಂಕಾಗಿದ್ದ ಮರ ಕಣ್ಣೆದುರಿಗೇ ಎದ್ದು ಕೂತಿತು: ಹೊಗೆಯ ಎಳೆ, ಜೇನಿನ ಬಣ್ಣ, ಉರಿಯ ನಾಲಗೆಯಂಥ ಗೆರೆಗಳು. ಮೂವರೂ ಮೇಜಿನ ಮೇಲೆ ಬಗ್ಗಿದರು. ಗುಮಾಸ್ತನ ಕೈ ಗೆರೆಯಿಲ್ಲದ ಕಪ್ಪು ಹಲಗೆಯತ್ತ ಹೊರಟಿತು. ನಡುದಾರಿಯಲ್ಲಿ ಮ್ಯಾನೇಜರು ಅದನ್ನು ಅಕ್ಕರೆಯಿಂದ ಹಿಡಿದು ಜೇನುಬಣ್ಣದ ಹಲಗೆಯ ಮೇಲೆ ಇಟ್ಟರು. “ಇದು ನೋಡ್ರೀ, ರಾಜಯೋಗ!” ಹಲ್ಲು ಮತ್ತೆ ಛಳ್ಳೆಂದಿತು. ತಲೆ ಆಡಿತು.

ಟ್ರಿಗರೂ ಹಾಗೇ ಆಯಿತು. ಒಂದು ಬೇಕಿದ್ದವನಿಗೆ ಎರಡು ಬಂತು: ಒಂದನ್ನು ಎಳೆದು ಅಣಿಮಾಡಿದರೆ ಇನ್ನೊಂದು ಮುಟ್ಟಿದರೆ ಸಾಕು, ಗುಂಡು ಹಾರುವಂಥದ್ದು. ಗುರಿ ನೋಡುವ ಕಿಂಡಿಯ ಹೊತ್ತಿಗೆ ಡಾಕ್ಟರು, “ಅವ್ರ ಕೋವಿ ಅವ್ರು ಆರಿಸ್ಲಿ ಬಿಡಿ ಸಾರ್,” ಎಂದು ಸಿಡುಕಿದರು. ಮ್ಯಾನೇಜರು, “ಅವ್ರೇ ಆರಿಸ್ತಾ ಇರೋದು. ನಾನು ಬರೀ ಜೊತೇಲಿದೀನಿ,” ಎಂದರು.

ಕೊನೆಗೆ ಅಳತೆ. ಮೇಸ್ತ್ರಿಗಳು ಗುಮಾಸ್ತನ ತೋಳು ಮಡಿಸಿ, ಭುಜ ಒತ್ತಿ, ಕತ್ತು ಬಾಗಿಸಿ, ಬಲಗೆನ್ನೆಯ ಮೇಲೆ ಅಂಗೈ ಇಟ್ಟರು. ಇಟ್ಟವರು ತೆಗೆಯಲಿಲ್ಲ. ಗುಮಾಸ್ತನಿಗೆ ನಕ್ಷತ್ರಗಳು ಕಂಡವು, ಆದರೂ ಉಸಿರೆತ್ತಲಿಲ್ಲ.

“ಎಂಥ ಕೆನ್ನೆ!” ಎಂದರು ಮೇಸ್ತ್ರಿಗಳು ಮೆಲುದನಿಯಲ್ಲಿ. “ನನ್ನ ಜನ್ಮದಲ್ಲಿ ಇಂಥದ್ದು ಸಿಕ್ಕಿರಲಿಲ್ಲ. ಕೋವಿ ಮಲಗೋಕೇ ಮಾಡಿದ ಹಾಗಿದೆ.”

ಯಾರಾದರೂ ಅವನ ಕೆನ್ನೆಯನ್ನು ಹೊಗಳಿದ್ದು ಅದೇ ಮೊದಲು. ನಿಜ ಹೇಳುವ ಆಸೆ ಒಂದು ಗಳಿಗೆ ಬಂದಿತ್ತು. ಆ ಮಾತು ಕೇಳಿದ ಮೇಲೆ ಹೋಯಿತು. ಮೇಸ್ತ್ರಿಗಳು ಅಳತೆಯನ್ನು ಎಲ್ಲೂ ಬರೆಯುತ್ತಿರಲಿಲ್ಲ. ಕೆನ್ನೆಯಿಂದೆತ್ತಿದ ಅಂಗೈಯನ್ನು ಹಾಗೇ ಬಟ್ಟಲಿನಂತೆ ಹಿಡಿದುಕೊಂಡು ಹೋಗಿ, ಬಿಸಿ ಆರುವ ಮುಂಚೆ ಉಳಿ ಕೈಗೆತ್ತಿಕೊಂಡರು.

“ಸಂಜೆ ಬಂದು ಕೆನ್ನೆ ಇಡಿ,” ಎಂದರು ತಲೆಯೆತ್ತದೆ. “ಕೂತ್ರೆ ನಿಮ್ಮದು.”

ಹೊರಗೆ ಬಂದ ಮೇಲೆ ಮ್ಯಾನೇಜರು ಗುಮಾಸ್ತನ ಬೆನ್ನು ತಟ್ಟಿದರು. “ಗೆದ್ರಿ ಕಣ್ರೀ! ಇವತ್ತು ನಿಮಗೆ ರಜ. ಮೊದ್ಲು ಆ ಹಲ್ಲು ಕೀಳಿಸ್ಕೊಳ್ಳಿ, ನೋಡೋಕಾಗ್ತಿಲ್ಲ. ಡಾಕ್ಟ್ರೇ, ನಿಮ್ಮ ಕೈಲೇ ಆಗ್ಲಿ.”

ಸಂತೋಷದಲ್ಲಿದ್ದ ಗುಮಾಸ್ತನಿಗೆ ಇಕ್ಕಳದ ಭಯವೂ ಆಗಲಿಲ್ಲ. ಹಲ್ಲು ಬಂತು, ಅದರ ಹಿಂದೆ ಕೂಡಿಕೊಂಡಿದ್ದ ಕೀವೂ ಬಂತು. ಮಾತ್ರೆ ನುಂಗಿ, ಮನೆಗೆ ಹೋಗಿ ಸೊಂಪಾಗಿ ನಿದ್ದೆ ಹೋದ. ಕನಸಿನಲ್ಲಿ ಕೋವಿ ಅವನ ಕೆನ್ನೆಗೆ ಒರಗಿ ಮಗುವಿನಂತೆ ಮಲಗಿತ್ತು.

ಇಳಿಹೊತ್ತಿಗೆ ಹೆಂಡತಿ ಎಬ್ಬಿಸಿದಳು. ಮುಖ ಅರಳಿತ್ತು. “ನೋಡಿ, ಎಷ್ಟು ಚೆನ್ನಾಗಿ ಇಳಿದುಬಿಟ್ಟಿದೆ!”

ಗುಮಾಸ್ತ ಕೆನ್ನೆ ಮುಟ್ಟಿಕೊಂಡ. ಇದ್ದ ಜಾಗದಲ್ಲಿ ಕೆನ್ನೆ ಇರಲಿಲ್ಲ. ಗಾಳಿ ಹೋದ ಚೆಂಡಿನಂತೆ ಕುಸಿದು, ಹಳೇ ಗುಳಿ ಹಾಗೇ ವಾಪಸು ಬಂದಿತ್ತು.

“ಅಯ್ಯೋ, ನನ್ನ ಕೆನ್ನೆ!” ಎಂದು ಕಿರುಚಿದ. ಮೂರು ದಿನದಲ್ಲಿ ಅವನಾಡಿದ ಮೊದಲ ಸ್ಪಷ್ಟ ಮಾತು ಅದು. ಡಾಕ್ಟರು ಕೊಟ್ಟಿದ್ದ ಹತ್ತಿಯನ್ನೆಲ್ಲ ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಓಡಿದ. ಹೆಂಡತಿ ಗಾಬರಿಯಿಂದ ಹಿಂದೆ ಓಡಿದಳು; ಅವಳನ್ನು ಕಂಡು ಡಾಕ್ಟರೂ ಓಡಿದರು.

ಕಾರ್ಖಾನೆಯಲ್ಲಿ ಮ್ಯಾನೇಜರು ಮೊದಲೇ ಬಂದು ಕೂತಿದ್ದರು. ಮೇಜಿನ ಮೇಲೆ ಕೋವಿಯ ಬುಡ. ನಳಿಗೆಯನ್ನು ಇನ್ನೂ ಕೂಡಿಸಿರಲಿಲ್ಲ, ಬರೀ ಮರ. ಆದರೆ ಕೆನ್ನೆ ಇಡುವಲ್ಲಿ ಕೆತ್ತಿದ ಆ ಮೆಲ್ಲನೆಯ ತಗ್ಗನ್ನು ನೋಡಿ ಗುಮಾಸ್ತನ ಕಾಲು ನಿಂತೇ ಹೋಯಿತು. ವರ್ಷಗಟ್ಟಲೆ ನೀರು ಹರಿದು ಸವೆದ ಕಲ್ಲಿನಷ್ಟು ನುಣುಪಾಗಿತ್ತು ಆ ಇಳಿಜಾರು. ಇದು ನನ್ನದು ಎಂದುಕೊಂಡಾಗ ಅವನಿಗೆ ಅಳು ಬಂತು.

ಮೇಸ್ತ್ರಿಗಳು ಅವನ ಕೆನ್ನೆಯ ಮೇಲೆ ಅಂಗೈ ಇಟ್ಟರು. ಹುಬ್ಬು ಗಂಟಿಕ್ಕಿದರು. ಬೆರಳಿನಿಂದ ಒತ್ತಿದರು. “ಇದು ಮಾಂಸ ಅಲ್ಲ. ಬಾಯಿ ತೆಗೀರಿ.”

ಹತ್ತಿ ಹೊರಬಂತು.

“ನೀವ್ಯಾರು?” ಎಂದರು ಮೇಸ್ತ್ರಿಗಳು.

“ಬೆಳಿಗ್ಗೆ ಬಂದೋನು ನಾನೇ ಮೇಸ್ತ್ರಿಗಳೇ! ಆ ಕೆನ್ನೆ ನಂದು!”

“ಎಲ್ಲಿದೆ?”

ಗುಮಾಸ್ತ ತಡವರಿಸಿದ. “ಡಾಕ್ಟ್ರು... ತೆಗೆದುಬಿಟ್ರು.”

“ಹೌದು, ನಾನೇ ತೆಗೆದೆ,” ಎಂದು ಡಾಕ್ಟರು ಬೆಂಬಲಕ್ಕೆ ಬಂದರು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

“ಕೆತ್ತಿದ ಮರ ಮತ್ತೆ ಬೆಳೆಯಲ್ಲ,” ಎಂದರು ಮೇಸ್ತ್ರಿಗಳು. “ಯಾರ ಕೆನ್ನೆಗೆ ಕೂರುತ್ತೋ ಅವ್ರದ್ದು. ಸಾಲಿನಲ್ಲಿ ಮುಂದಿನೋರು ಯಾರು?”

ಮ್ಯಾನೇಜರು ಸಂಕೋಚದಿಂದ ಎದ್ದು ಬಂದರು. ಮೇಸ್ತ್ರಿಗಳ ಅಂಗೈ ಅವರ ಬಲಗೆನ್ನೆಯ ಮೇಲೆ ಕೂತಿತು. ಮುದುಕರ ಮುಖ ಬೆಳಗಿತು. “ಬಂದ್ರಾ! ಬೆಳಿಗ್ಗೆ ಬಂದೋರು ನೀವೇ ತಾನೇ? ಎಲ್ಲಿ ಹೋಗಿದ್ರಿ?”

ಮ್ಯಾನೇಜರು ಒಮ್ಮೆ ಗುಮಾಸ್ತನ ಕಡೆ ನೋಡಿದರು. “ಬೆಳಿಗ್ಗೆ ಇಲ್ಲೇ ಇದ್ನಲ್ಲ ಮೇಸ್ತ್ರಿಗಳೇ,” ಎಂದರು. ಅದೇನೂ ಸುಳ್ಳಲ್ಲ.

ಮರದ ಬುಡ ಅವರ ಭುಜಕ್ಕೇರಿತು. ತೋಳಿಗೆ ತೋಳು ಸರಿಹೋಯಿತು. ಕೆನ್ನೆ ತಗ್ಗಿನಲ್ಲಿ ಇಳಿದು ಕೂತಿತು, ನಡುವೆ ಒಂದು ಕಾಗದ ತೂರುವಷ್ಟೂ ಜಾಗವಿರಲಿಲ್ಲ. ಜೇನುಬಣ್ಣದ ಮರ, ಮುಂದೆ ಅದಕ್ಕೆ ಕೂಡಿಸಲಿರುವ ಎಂಟು ಮೂಲೆಯ ನಳಿಗೆ, ಎರಡು ಟ್ರಿಗರು: ಎಲ್ಲಾ ಅವರಿಗೆ ಹೇಳಿ ಮಾಡಿಸಿದಂತಿತ್ತು. ಹೇಳಿ ಮಾಡಿಸಿದ್ದೂ ಅವರೇ ಎಂಬುದು ಗುಮಾಸ್ತನಿಗೆ ಆಗ ಹೊಳೆಯಿತು. ಬೈಯಬೇಕೆಂದು ಬಾಯಿ ತೆರೆದ. ಆದರೆ ಆ ಮರ ಆ ಕೆನ್ನೆಯ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ತೆರೆದ ಬಾಯಿ ಹಾಗೇ ಉಳಿಯಿತು.

“ಬನ್ನಿ ಮನೆಗೆ,” ಹೆಂಡತಿ ತೋಳು ಹಿಡಿದಳು. “ನೋವಾದ್ರೂ ಹೋಯ್ತಲ್ಲ.”

ಅವನು ತಲೆ ತಗ್ಗಿಸಿ ಹೊಸ್ತಿಲು ದಾಟಿದ. ಅಷ್ಟರಲ್ಲಿ ಒಳಗಿನಿಂದ ಮೇಸ್ತ್ರಿಗಳ ಕೂಗು ಕೇಳಿತು. “ಸ್ವಾಮಿ, ಒಂದ್ನಿಮಿಷ!”

ಗುಮಾಸ್ತ ಗಕ್ಕನೆ ತಿರುಗಿದ. ಎರಡೇ ಹೆಜ್ಜೆಗೆ ವಾಪಸು ಓಡಿಬಂದ. ಮೇಸ್ತ್ರಿಗಳು ಬಾಗಿಲವರೆಗೂ ಬಂದು, ಅವನ ಕೈ ಹಿಡಿದು, ಹತ್ತಿಯ ಉಂಡೆಯನ್ನು ಜೋಪಾನವಾಗಿ ಅಂಗೈಯಲ್ಲಿಟ್ಟರು.

“ನಿಮ್ಮ ಕೆನ್ನೆ ಇಲ್ಲೇ ಬಿಟ್ಟು ಹೊರಟಿದ್ರಲ್ಲ.”