ಡೇರಿಯಲ್ಲಿ ‘ಓ ಬೇಬಿ’

“ಒಂದೇ ಒಂದು ವಾರ ಕೊಡು! ನಿಮ್ಮ ಡೇರಿ ಹೆಂಗಸರೆಲ್ಲ ಇಂಗ್ಲಿಷಲ್ಲೇ ಜಗಳ ಆಡೋ ಹಂಗೆ ಮಾಡ್ಬುಡ್ತೀನಿ!” ಎಂದು ಶಿವಶಂಕರ ಮೇಷ್ಟ್ರು ಎದೆ ತಟ್ಟಿಕೊಂಡರು.

“ಇಷ್ಟು ವರ್ಸದಿಂದ ಇಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡ್ತಿದ್ದೀರಲ್ಲ, ಒಂದು ಮಗಾನಾದ್ರೂ ಬಾಯ್ ಬುಟ್ಟದಾ?” ಎಂದಳು ಹೆಂಡತಿ ರಂಜಿತ.

ಅವಳ ಸಂಕಟ ಅವಳಿಗೆ. ಕೃಷ್ಣರಾಜಪೇಟೆ ಪಕ್ಕದ ಆ ಊರಿನ ಮಹಿಳಾ ಡೇರಿಗೆ ಅವಳೇ ಕಾರ್ಯದರ್ಶಿ. ಲಾರಿ ತಡವಾದ ದಿನ ಕ್ಯಾನುಗಟ್ಟಲೆ ಹಾಲು ಒಡೆದು ಮೋರಿ ಪಾಲಾಗುತ್ತಿತ್ತು. ಹಾಲು ತಂಪಾಗಿಡುವ ಯಂತ್ರ ಕೊಡಬಹುದೇ ಎಂದು ನೋಡಲು ದೆಹಲಿಯ ಅಧಿಕಾರಿಯೊಬ್ಬರು ಬರುವವರಿದ್ದರು. ಅವರಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಹಾಲು ಹಾಕುವವರೇ ಮಾತಾಡಬೇಕೆಂದು ಬೇರೆ ಅಪ್ಪಣೆಯಾಗಿತ್ತು!

ಮೇಷ್ಟ್ರು ವ್ಯಾಕರಣದ ಪುಸ್ತಕ ಮುಚ್ಚಿಟ್ಟರು. ಮಗಳು ಅಕ್ಷಿತಾಳ ಮೊಬೈಲಿನಲ್ಲಿ ಕುಣಿಯುತ್ತಿದ್ದ ಇಂಗ್ಲಿಷ್ ಪಾಪ್ ಹಾಡೊಂದರ ಧಾಟಿ ಹಿಡಿದು, ಅದರೊಳಗೆ ನಿನ್ನೆ, ಇವತ್ತು, ನಾಳೆ ಮೂರನ್ನೂ ತುರುಕಿದರು. ಬೆಳಿಗ್ಗೆ ಹಾಲಿನ ಸಾಲಿನಲ್ಲೇ ಪಾಠ ಶುರುವಾಯಿತು.

“ಎಸ್ಟರ್ಡೇ ವಿ ಮಿಲ್ಕ್ಡ್ ದ ಕೌ, ಓ ಬೇಬಿ! ಟುಡೇ ವಿ ಮಿಲ್ಕ್ ದ ಕೌ, ಓ ಬೇಬಿ!”

ಪಾಪ, ಒಂದು ಸಂಗತಿ ಮಾತ್ರ ಮೇಷ್ಟ್ರ ತಲೆಗೆ ಹೊಳೆಯಲಿಲ್ಲ. ಈ ಹೆಂಗಸರೆಲ್ಲ ಸೋಬಾನೆ ಹಾಡಿಕೊಂಡೇ ಬೆಳೆದವರು. ಒಬ್ಬರು ಎತ್ತಿಕೊಟ್ಟರೆ ಸಾಕು, ಉಳಿದವರು ಪಲ್ಲವಿಯಂತೆ ಸೊಲ್ಲು ಹಿಡಿಯದೆ ಬಿಡುವವರಲ್ಲ. ಅವರಿಗೆಲ್ಲ ಮುಂದಾಳು ಅಜ್ಜಿ ಚಿಕ್ಕಬೋರಮ್ಮ.

ಅಧಿಕಾರಿ ಬರುವ ಹಿಂದಿನ ದಿನ ಮೇಷ್ಟ್ರು ಎಚ್ಚರಿಸಿದರು. “ನಾಳೆ ರಾಗ ಬೇಡ, ಬರೀ ಮಾತು ಸಾಕು. ಆ ‘ಓ ಬೇಬಿ’ ಅಂತೂ ಬೇಡವೇ ಬೇಡ!”

“ಅದೆಂಗಾದದು ಮೇಷ್ಟ್ರೆ? ಅದು ಸೊಲ್ಲು ಕಣಪ್ಪಾ. ಸೊಲ್ ಬುಟ್ರೆ ಪದ ನಿಂತದಾ?” ಎಂದಿತು ಅಜ್ಜಿ.

ಸಾಹೇಬರು ಬಂದರು. ರಂಜಿತ ಬಾಯಿ ತೆರೆದಳು. ರಾಗವಿಲ್ಲದೆ ಒಂದಕ್ಷರವೂ ಹೊರಡಲಿಲ್ಲ! ಅವಳ ಪೇಚಾಟ ಕಂಡು ಚಿಕ್ಕಬೋರಮ್ಮ ಕಿವಿಗೆ ಕೈಯಿಟ್ಟು ಎತ್ತಿಯೇಬಿಟ್ಟಿತು. “ವೆಲ್ಕಮ್ ಸಾರ್, ಓ ಬೇಬಿ!”

ಸಾಲಿಗೆ ಸಾಲೇ ಸೊಲ್ಲು ಹಿಡಿಯಿತು. ಮೇಷ್ಟ್ರು ಹಾಲಿನ ಕ್ಯಾನುಗಳ ಹಿಂದೆ ಕುಕ್ಕರಿಸಿದರು. ಸಾಹೇಬರು ಕಕ್ಕಾಬಿಕ್ಕಿಯಾಗಿ, ನಿಮ್ಮ ಕಷ್ಟವೇನು ಎಂದು ಇಂಗ್ಲಿಷಿನಲ್ಲೇ ಕೇಳಿದರು. ಈಗ ರಂಜಿತಳಿಗೆ ಧೈರ್ಯ ಬಂದಿತ್ತು.

“ಎಸ್ಟರ್ಡೇ ದ ಮಿಲ್ಕ್ ಸ್ಪಾಯಿಲ್ಡ್, ಓ ಬೇಬಿ! ಟುಡೇ ದ ಲಾರಿ ಈಸ್ ಲೇಟ್, ಓ ಬೇಬಿ! ಟುಮಾರೋ ಯು ವಿಲ್ ಗಿವ್ ಮಷೀನ್, ಓ ಬೇಬಿ!”

ಮೇಷ್ಟ್ರು ಹೇಳಿಕೊಡದ ಮಾತುಗಳು! ನಿನ್ನೆಯದು ನಿನ್ನೆಗೆ, ನಾಳೆಯದು ನಾಳೆಗೆ ಸರಿಯಾಗಿ ಕೂತಿದ್ದವು. ಆದರೆ ಮೇಷ್ಟ್ರ ಕಿವಿಗೆ ಬಿದ್ದದ್ದು ‘ಬೇಬಿ’ ಒಂದೇ. ಯಂತ್ರ ಕೈತಪ್ಪಿತು, ಹೆಂಡತಿ ಮನೆಗೆ ಸೇರಿಸುವುದಿಲ್ಲ ಎಂದು ಹೆದರಿ ಓಡಿಬಂದು ಕೈಮುಗಿದರು. “ಸಾರಿ ಸರ್! ದೇ ವಿಲ್ ನಾಟ್ ಸಿಂಗ್, ಓ ಬೇಬಿ!”

ಅದೂ ರಾಗವಾಗಿ! ಹೆಂಗಸರು ಅದನ್ನೂ ಬಿಡದೆ ಸೊಲ್ಲೆತ್ತಿದರು. ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಯಂತ್ರ ಈ ಊರಿಗೇ ಎಂದು ಅಲ್ಲೇ ಹೇಳಿ ಹೋದರು.

ಸಂಜೆ ಮೇಷ್ಟ್ರು ಮೆಲ್ಲಗೆ ಬೀಗಿದರು. “ನೋಡ್ದಾ ನನ್ನ ಪಾಠ?”

“ನೋಡ್ದೆ ಬುಡಿ. ನಾಳೆಯಿಂದ ನಿಮ್ ಇಸ್ಕೂಲ್ ಮಕ್ಳನ್ನೂ ಡೇರಿಗೇ ಕಳಿಸಿ, ಬೋರಜ್ಜಿ ಕಲಿಸ್ತದೆ” ಎಂದಳು ರಂಜಿತ. “ನೀವೂ ಬನ್ನಿ. ಹಿಂದ್ಗಡೆ ನಿಂತ್ಕೊಂಡು ಸೊಲ್ಲೆತ್ತೀರಂತೆ!”