ಕಣ್ಣು ಮುಚ್ಚಿ ಊದುವ ಮಾಸ್ತರರ ಫೋಟೋ

ಮಬ್ಬು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಬ್ಯಾಂಡಿನವರ ಫೋಟೋ ತೆಗೆಯುತ್ತೇನೆಂದು ಹೊರಟವರ ಮರ್ಯಾದೆ ತಿಂಗಳಿಗೊಮ್ಮೆಯಾದರೂ ಹೋಗುತ್ತದೆ. ಲಗ್ನದ ಸೀಜನ್ನಿನಲ್ಲಿ ನನ್ನದು ವಾರಕ್ಕೆ ಮೂರು ಸಲ ಹೋಗುತ್ತದೆ.

ಚಿಕ್ಕೋಡಿಯಲ್ಲಿ ಅಪ್ಪ ನಡೆಸುತ್ತಿದ್ದ ಸ್ಟುಡಿಯೋ ಈಗ ನನ್ನದು. ಅಪ್ಪ ಫ್ಲ್ಯಾಶ್ ಇಲ್ಲದೆ ಮನೆಯ ಹೊಸ್ತಿಲು ದಾಟಿದವರಲ್ಲ. ನಾನು ಮಾತ್ರ ಬ್ಯಾಂಡಿನ ಎದುರು ಫ್ಲ್ಯಾಶ್ ಹಾಕುವುದಿಲ್ಲ. ಹಾಕಿದರೆ ಹಿತ್ತಾಳೆಯ ವಾದ್ಯಗಳೆಲ್ಲ ಒಟ್ಟಿಗೆ ಹೊಳೆದು, ಫೋಟೋದಲ್ಲಿ ಮನುಷ್ಯರ ಬದಲು ಸಾಲಾಗಿ ಬಲ್ಬುಗಳು ಬರುತ್ತವೆ. ಇನ್ನೊಂದು ಕಾರಣ ನಿಪ್ಪಾಣಿಯ ಬ್ಯಾಂಡ್ ಮಾಸ್ತರರು. ಕ್ಲಾರಿನೆಟ್ ಊದುವ ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು: "ತಂಗಿ, ಮಾರಿಗೆ ಬೆಳಕ ಹೊಡದ್ರ ನಾ ಊದೂದ ಬಿಡತೇನಿ. ಮುಂದಿನ ಮೆರವಣಿಗಿ ನೀನ ನಡಸು."

ಈ ಸಲ ಸೀಜನ್ ಶುರುವಾಗುವ ಮೊದಲು ಮಾಸ್ತರರ ಹೆಂಡತಿ ಸ್ಟುಡಿಯೋಗೆ ಬಂದರು. ನಾವೆಲ್ಲ ಅವರನ್ನು ಕಾಕು ಎನ್ನುತ್ತೇವೆ. ಮಾಸ್ತರರ ಹಲ್ಲನ್ನೆಲ್ಲ ಕೀಳಬೇಕೆಂದು ಡಾಕ್ಟರು ಹೇಳಿದ್ದರಂತೆ. ಹಲ್ಲಿಲ್ಲದೆ ಕ್ಲಾರಿನೆಟ್ ಹಿಡಿತಕ್ಕೆ ಬರುವುದಿಲ್ಲ. ಹಾಗಾಗಿ ಇದೇ ಅವರ ಕಡೆಯ ಸೀಜನ್.

"ನಲವತ್ತ ವರ್ಷ ಮಂದಿ ಲಗ್ನದಾಗ ಊದ್ಯಾರ. ಊದೂ ಮುಂದ ಕಣ್ಣ ತೆರದದ್ದು ಒಂದ ಫೋಟೋ ಇಲ್ಲ," ಎಂದರು ಕಾಕು.

"ಕಣ್ಣ ಮುಚ್ಚಿದ್ರೇನಾತ್ರಿ? ಅದೂ ಚಂದನ ಇರತೈತಿ."

"ಅಂಥಾದ್ದು ಗ್ವಾಡಿಗೆ ಹಾಕಿದ್ರ ಬಂದವರು 'ಯಾವಾಗ ತೀರಿಕೊಂಡ್ರು?' ಅಂತ ಕೇಳ್ತಾರ, ತಂಗಿ."

ಕಣ್ಣು ತೆರೆದ ಒಂದು ಫೋಟೋ ತಾನೇ, ಅದೇನು ಮಹಾ ಎಂದು ಒಪ್ಪಿಕೊಂಡೆ. ಆ ಮಾತು ನೆನಪಾದಾಗಲೆಲ್ಲ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಶೇಡಬಾಳದ ಸೋದರಮಾವ

ಮೊದಲ ಮೆರವಣಿಗೆ ಶೇಡಬಾಳದ ಒಂದು ಜೈನರ ಮನೆಯದು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಎಲ್ಲರಿಗೂ ಅದೇ ಅವಸರ. ಓಣಿಯಲ್ಲಿ ಆಗಲೇ ನೆರಳು ತುಂಬಿತ್ತು. ಮಾಸ್ತರರು ಎಂದಿನಂತೆ ಕಣ್ಣು ಮುಚ್ಚಿ ಊದುತ್ತಿದ್ದರು. ಯಾವಾಗ ತೆರೆಯುತ್ತಾರೋ ಎಂದು ನಾನು ಕಾಯುತ್ತಿದ್ದಾಗ ಮದುಮಗನ ಸೋದರಮಾವ ನಡುವೆ ಬಂದು, ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದನ್ನು ಮೇಲೆತ್ತಿ ನಿಂತ.

ನಾಲ್ಕು ಫೋಟೋ ತೆಗೆದೆ. "ಆತ್ರಿ ಮಾಮಾರ."

ಮಾಮಾ ಕದಲಲಿಲ್ಲ. ತುಟಿ ಅಲುಗಿಸದೆ, "ಬೆಳಕ ಬಂದಿಲ್ಲಲಾ?" ಎಂದ.

"ಬೆಳಕ ಹಾಕಂಗಿಲ್ರಿ. ಹಂಗ ಬರತೈತಿ."

"ಅದ್ಹೆಂಗ ಬರತೈತಿ? ಖಾಲಿ ಹೊಡದ ಕಳಸಬ್ಯಾಡ್ರಿ ನನ್ನ."

ಕ್ಯಾಮೆರಾದಲ್ಲೇ ಫೋಟೋ ತೋರಿಸಿದೆ. ಅದು ಮದುಮಗನ ಚಿಕ್ಕಪ್ಪನದು ಎಂದು ವಾದಿಸಿದ. ಮಾಮಾನ ಹಿಂದೆ ಬ್ಯಾಂಡು ನಿಂತಿತು, ಬ್ಯಾಂಡಿನ ಹಿಂದೆ ಕುದುರೆ ನಿಂತಿತು, ಕುದುರೆಯ ಹಿಂದೆ ಊರೇ ನಿಂತಿತು. ಮಾಸ್ತರರು ಮುಚ್ಚಿದ ಕಣ್ಣಲ್ಲೇ ಅದೇ ಹಾಡನ್ನು ಐದನೆಯ ಸಲ ಎತ್ತಿಕೊಂಡರು. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಅಜ್ಜಿಯ ದನಿ ಬಂತು: "ಹೊತ್ತ ಮುಣಗಾಕತ್ತೈತಿ! ನಿನ್ನ ಒಂದ ಫೋಟೋಕ್ಕ ಊರನ್ನೆಲ್ಲಾ ಉಪಾಸ ಕೆಡವ್ತಿ ಏನಲೇ?"

ಯಾರೋ ಬುದ್ಧಿವಂತರು ಪಕ್ಕದಲ್ಲಿದ್ದ ಮೋಟಾರ್ ಸೈಕಲ್ಲಿನ ಲೈಟು ಒಮ್ಮೆ ಹಚ್ಚಿ ಆರಿಸಿದರು. ಮಾಮಾನ ಮುಖ ಅರಳಿತು. "ಹಾಂ, ಈಗ ಬಂತ ನೋಡ್ರಿ!" ಎಂದು ಕೈ ಇಳಿಸಿ ಪಂಕ್ತಿಯ ಕಡೆ ಎಲ್ಲರಿಗಿಂತ ಮುಂದೆ ಓಡಿದ. ಆಗ ನನ್ನ ಕ್ಯಾಮೆರಾ ಕುತ್ತಿಗೆಯಲ್ಲಿ ನೇತಾಡುತ್ತಿತ್ತು.

ನಿಪ್ಪಾಣಿಯ ಗೋದಾಮು

ಮೆರವಣಿಗೆಯ ಗದ್ದಲವೇ ಬೇಡವೆಂದು ಅವರ ತಾಲೀಮಿಗೇ ಹೋದೆ. ನಿಪ್ಪಾಣಿಯ ಹಳೆಯ ತಂಬಾಕಿನ ಗೋದಾಮಿನಲ್ಲಿ ಅವರ ತಾಲೀಮು. ಹಗಲಲ್ಲೂ ಒಳಗೆ ನಸುಗತ್ತಲು, ಮೇಲಿನ ಒಂದು ಕಿಂಡಿಯಿಂದ ಬರುವಷ್ಟೇ ಬೆಳಕು. ಅದು ನೇರ ಮಾಸ್ತರರ ಮುಖದ ಮೇಲೆ ಬಿದ್ದಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಂಥ ಬೆಳಕಿನಲ್ಲಿ ಶಟರ್ ನಿಧಾನ ಇಡಬೇಕು, ತೆಗೆಯುವವರು ಉಸಿರು ಬಿಗಿಹಿಡಿದು ಅಲುಗಾಡದೆ ನಿಲ್ಲಬೇಕು. ನಿಂತೆ.

ನಿಂತವಳು ಸೀನಿದೆ.

ಬ್ಯಾಂಡಿನವರೆಲ್ಲ ತಂಬಾಕಿನ ಆ ಘಾಟಿನಲ್ಲೇ ಹುಟ್ಟಿ ಬೆಳೆದವರು, ಅವರಿಗೇನೂ ಇಲ್ಲ. ನಾನು ಮಾತ್ರ ಬಟನ್ ಒತ್ತಿದಾಗಲೆಲ್ಲ ಸೀನುತ್ತಿದ್ದೆ. ಹತ್ತು ಫೋಟೋ ತೆಗೆದರೆ ಹತ್ತರಲ್ಲೂ ಮಾಸ್ತರರಿಗೆ ಮೂರು ಮೂಗು. ಡ್ರಮ್ಮಿನವನಿಗೆ ಮಜಾ ಬಂದು ನನ್ನ ಸೀನಿಗೆ ಸರಿಯಾಗಿ ಪೆಟ್ಟು ಹಾಕತೊಡಗಿದ. ಒಮ್ಮೆ ಮಾತ್ರ ನನ್ನ ಸೀನು ಅವನ ಪೆಟ್ಟಿಗಿಂತ ಅರ್ಧ ಕ್ಷಣ ಮೊದಲೇ ಬಂತು.

"ಯಾರಲೇ ತಾಳ ತಪ್ಪಿಸಿದ್ದು?" ಎಂದು ಮಾಸ್ತರರು ಗದರಿದರು.

"ತಾಳ ತಪ್ಪಿದ್ರ ಅಷ್ಟ ನೋಡ್ರಿ ಅಕ್ಕಾರ," ಎಂದು ಡ್ರಮ್ಮಿನವನು ಆಮೇಲೆ ನಕ್ಕ. "ಊದೂ ಮುಂದ ಬ್ಯಾರೆ ಯಾವುದಕ್ಕೂ ಕಣ್ಣ ತೆರ್ಯಾಂಗಿಲ್ಲ ಅವರು. ಈಗ ಇಷ್ಟ ದೊಡ್ಡದಾಗಿ ತೆರದಿದ್ರು!"

ಅದನ್ನು ನಾನು ನೋಡಲೇ ಇಲ್ಲ. ಸೀನುವಾಗ ನನ್ನ ಕಣ್ಣು ಮುಚ್ಚಿತ್ತು.

ಅಥಣಿಯಲ್ಲಿ ತಪ್ಪಿದ ತಾಳ

ಗುಟ್ಟು ಸಿಕ್ಕಮೇಲೆ ಡ್ರಮ್ಮಿನವನ ಬೆನ್ನು ಬಿದ್ದೆ. "ಒಂದ ಸಲ, ಒಂದ ಪೆಟ್ಟ ತಪ್ಪ ಹಾಕಪಾ." ಅವನು ಎರಡೂ ಕಿವಿ ಮುಟ್ಟಿಕೊಂಡ. "ಮಾಸ್ತರ ಬದಲಿ ನನ್ನ ಹಲ್ಲ ಕೀಳಸ್ರಿ ಅಕ್ಕಾರ, ತಾಳ ತಪ್ಪಸಾಕ ಹೇಳಬ್ಯಾಡ್ರಿ." ಕಾಕುವಿನ ಹೆಸರು ಹೇಳಿದ ಮೇಲೆ ಮೆತ್ತಗಾದ.

ಅಥಣಿಯಲ್ಲಿ ಸಂಜೆಯ ಹಂದರ. ನಾನು ಕ್ಯಾಮೆರಾ ಕಣ್ಣಿಗಿಟ್ಟು ಸನ್ನೆ ಮಾಡಿದೆ. ಡ್ರಮ್ಮಿನವನು ದೇವರನ್ನು ನೆನೆದು, ಹಲ್ಲು ಕಚ್ಚಿ, ಒಂದು ಪೆಟ್ಟು ಅಡ್ಡ ಹಾಕಿದ. ಏನು ಮಾಡುವುದು, ಆ ಕೈಗೆ ತಪ್ಪು ಹಾಕಿ ರೂಢಿಯೇ ಇಲ್ಲ! ತಪ್ಪೂ ಎಷ್ಟು ಲಯವಾಗಿ ಬಿತ್ತೆಂದರೆ ಕುಣಿಯುವವರು ಕೇಕೆ ಹಾಕಿ "ಅದನ್ನ ಇನ್ನೊಮ್ಮಿ ಹೊಡೀರಿ" ಎಂದರು. ಮತ್ತೆ ಹೊಡೆದ. ಮತ್ತೂ ಹೊಡೆದ. ಅರ್ಧ ತಾಸು ಬೇರೆ ಏನೂ ಹೊಡೆಯಲು ಬಿಡಲಿಲ್ಲ.

ಹಾಡು ಮುಗಿದ ಮೇಲೆ ಮಾಸ್ತರರು, ಕಣ್ಣು ಇನ್ನೂ ಮುಚ್ಚಿಯೇ, ಅವನ ಬೆನ್ನು ತಟ್ಟಿದರು. "ಭಾರೀ ಹಾಕಿದಿ ನೋಡು. ನಾಳಿಂದ ಎಲ್ಲಾ ಲಗ್ನಕ್ಕೂ ಇದನ್ನ ಹಾಕು."

ದಿಗ್ಗೇವಾಡಿಯ ಕಡೆಯ ಲಗ್ನ

ಸೋಮವಾರ ಹಲ್ಲು ಕೀಳುವುದೆಂದು ಗೊತ್ತಾಗಿತ್ತು. ಭಾನುವಾರ ರಾಯಬಾಗದ ಹತ್ತಿರ ದಿಗ್ಗೇವಾಡಿಯಲ್ಲಿ ಗೋಧೂಳಿ ಮುಹೂರ್ತದ ಲಗ್ನ. ಅದು ತಪ್ಪಿದರೆ ಇನ್ನಿಲ್ಲ. ಕಾಕುವೂ ಬಂದಿದ್ದರು. "ಇಷ್ಟ ದಿನ ನಿನ್ನ ಮ್ಯಾಲ ಬಿಟ್ಟಿದ್ದೆ. ಇವತ್ತ ನಾ ನೋಡ್ಕೋತೇನಿ," ಎಂದು ಚುರುಮುರಿಯ ತಟ್ಟೆ ಹಿಡಿದು ಬ್ಯಾಂಡಿನವರ ನಡುವೆ ಹೊರಟರು. ಒಬ್ಬೊಬ್ಬರ ಹತ್ತಿರವೂ ನಿಂತು ಕಿವಿಯಲ್ಲಿ ಏನೋ ಹೇಳಿದರು. ಒಬ್ಬೊಬ್ಬರೂ ಮೊದಲು ಬೆಚ್ಚಿ, ಆಮೇಲೆ ಗೋಣು ಹಾಕಿದರು.

ಬೆಳಕೆಂದರೆ ಹಂದರದ ಬಲ್ಬಿನ ಸರ, ಅಷ್ಟೇ. ಹಾಡು ಶುರುವಾಯಿತು. ಎರಡನೆಯ ಚರಣಕ್ಕೆ ಬಂತು.

ಕಾಕು ಹನ್ನೆರಡೂ ಜನರಿಗೆ ಬೇರೆ ಬೇರೆಯಾಗಿ ಹೇಳಿದ್ದು ಒಂದೇ ಮಾತು: "ಎರಡನೇ ಚರಣದಾಗ ನೀ ಒಬ್ಬನ ತಪ್ಪಸಪಾ. ಒಬ್ಬಂದ ಆದ್ರ ಯಾರಿಗೂ ತಿಳ್ಯಾಂಗಿಲ್ಲ."

ಹನ್ನೆರಡೂ ಜನ ತಪ್ಪಿಸಿದರು. ಟ್ರಂಪೆಟ್ ಮೇಲೆ ಹೋಯಿತು, ಡ್ರಮ್ ಮುಂದೆ ಹೋಯಿತು, ತಾಳ ಬಡಿಯುವ ಝಾಂಜಿನವನು ಇನ್ನೊಂದು ಹಾಡಿಗೇ ಹೋದ. ನೂರಾರು ಮೆರವಣಿಗೆ ಕಂಡ ಕುದುರೆ ಕುತ್ತಿಗೆ ತಿರುಗಿಸಿ ಹಿಂದೆ ನೋಡಿತು. ಹೆಣ್ಣಿನ ತಂದೆ ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡೇ ಹೊರಗೆ ಓಡಿ ಬಂದರು. ಮಾಸ್ತರರು ಕಣ್ಣು ತೆರೆದರು. ನನ್ನ ಬೆರಳು ತಾನಾಗಿಯೇ ಒತ್ತಿತು.

"ಲಗ್ನಕ್ಕ ಬಂದೀರೋ, ಸಂತಿಗೆ ಬಂದೀರಲೇ!" ಎಂದು ಮಾಸ್ತರರು ಗುಡುಗಿದರು.

ಹನ್ನೆರಡು ಬೆರಳು ಕಾಕುವಿನ ಕಡೆ ತಿರುಗಿದವು. ಕಾಕು ನನ್ನ ಕಡೆ ತೋರಿಸಿದರು. ಕ್ಯಾಮೆರಾ ನೋಡಿ ಮಾಸ್ತರರಿಗೆ ಎಲ್ಲ ತಿಳಿಯಿತು. ಮೀಸೆಯಲ್ಲೇ ನಕ್ಕು, ಮತ್ತೆ ಕಣ್ಣು ಮುಚ್ಚಿ ಕಡೆಯ ಹಾಡು ಊದಿದರು. ಅದರ ಒಂದು ಫೋಟೋವನ್ನೂ ನಾನು ತೆಗೆಯಲಿಲ್ಲ. ಕೇಳುತ್ತ ನಿಂತುಬಿಟ್ಟೆ, ಕಣ್ಣಿನಲ್ಲಿ ನೀರಿತ್ತು.

ಎಂಟು ದಿನದ ಮೇಲೆ ಇಬ್ಬರೂ ಸ್ಟುಡಿಯೋಗೆ ಬಂದರು. ದೊಡ್ಡ ಪ್ರಿಂಟು ಅವರ ಮುಂದಿಡಲು ನನಗೆ ಅಂಜಿಕೆ. ಕಾಕು ಕೇಳಿದ್ದು ಊದುವ ಫೋಟೋ. ಬಂದದ್ದರಲ್ಲಿ ಕ್ಲಾರಿನೆಟ್ ಬಾಯಿಂದ ಹೊರಗೆ ಬಂದಿತ್ತು. ಕಣ್ಣು ತಾಟಿನಷ್ಟು, ಬಾಯಿ ಅಗಲ, ಬೆರಳು ಮುಂದೆ, ಹಿಂದೆ ಹನ್ನೆರಡು ಸಂಭಾವಿತ ಮುಖಗಳು.

ಮಾಸ್ತರರು ಬಹಳ ಹೊತ್ತು ನೋಡಿದರು. ಬೊಚ್ಚು ಬಾಯಿಯ ಮೇಲೆ ಕೈಯಾಡಿಸಿಕೊಂಡು, "ಹಲ್ಲ ಎಲ್ಲಾ ಬಂದಾವ ನೋಡು," ಎಂದರು, ಮೆಲ್ಲಗೆ.

"ತಪ್ಪಾತ್ರಿ ಕಾಕು," ಎಂದೆ. "ಊದೂದು ಸಿಗಲಿಲ್ಲ. ಬೈಯೂದು ಸಿಕ್ತು."

ಕಾಕು ಸೆರಗಿನಿಂದ ಫೋಟೋ ಒರೆಸಿ ಎದೆಗವಚಿಕೊಂಡರು.

"ಇದ ಬೇಕಾಗಿತ್ತು ತಂಗಿ. ಊದೂ ಮುಖಾ ಊರೆಲ್ಲಾ ನೋಡೈತಿ. ಈ ಮುಖಾ ನಲವತ್ತ ವರ್ಷ ನಾ ಒಬ್ಬಾಕಿನ ನೋಡೀನಿ. ಇನ್ನ ಬಂದವರೆಲ್ಲಾ ನೋಡ್ಲಿ!"